ಆಟಿಯಲ್ಲಿ ಮಗಳನ್ನು ಕರೆತಂದ ದಾರಿ

ಮೊಮ್ಮಗಳು ಹುಟ್ಟಿದ್ದಾಳೆ! ಬೆಳ್ತಂಗಡಿಯ ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು, ಮಳೆ ಒಂದಿಷ್ಟು ಬಿಡುವು ಕೊಟ್ಟಾಗ. ತಾಯಿ ಕ್ಷೇಮ, ಮಗು ಕ್ಷೇಮ. ತಲೆ ತುಂಬ ಕೂದಲುಂಟು, ಅತ್ತರೆ ಆಚೆ ಕೋಣೆಯವರು ಎದ್ದು ಕೂರುತ್ತಾರೆ. ಈ ಸುದ್ದಿಯನ್ನು ನಾನು ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬರುವ ಬಸ್ಸಿನಲ್ಲಿ ಕೂತಿದ್ದ ಎಲ್ಲರಿಗೂ ಹೇಳಿದ್ದೇನೆ. ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಅವನು, “ಗೊತ್ತುಂಟು ಅಜ್ಜ, ಟಿಕೆಟು ತೆಗೊಳ್ಳಿ” ಅಂದ. ನನ್ನನ್ನು ಅಜ್ಜ ಎಂದು ಕರೆದ ಮೊದಲನೆಯ ಮನುಷ್ಯ ಅವನೇ ಇರಬೇಕು. ಅದಕ್ಕೆ ಬೇಸರವಾಗಲಿಲ್ಲ.

ಇದನ್ನು ಬರೆಯಲು ಕೂತದ್ದಕ್ಕೆ ಒಂದು ಕಾರಣ ಉಂಟು. ನಮ್ಮ ಕಡೆಯವರಿಗೆ ದೂರದ ಪ್ರಯಾಣ ಅಂದರೆ ಯಾತ್ರೆಯ ತಂಡದೊಟ್ಟಿಗೆ ಹೋಗುವುದು. ತಂಡ ಇಲ್ಲದೆ ಒಬ್ಬನೇ ಹೋಗಿ, ತುಂಬಿದ ಬಸುರಿಯನ್ನು ಕರೆದುಕೊಂಡು ಬಂದದ್ದು ಹೇಗೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಹೇಗೆ ಮಾಡಬೇಕು ಎಂಬುದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಹೇಗೆ ಮಾಡಬಾರದು ಎಂಬುದು ಚೆನ್ನಾಗಿ ಗೊತ್ತುಂಟು. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾಗುಣಿತವನ್ನು ಮಗ ತಿದ್ದಿದ್ದಾನೆ, ಮಾತು ನನ್ನದೇ.

ನಾನು ಅಡಿಗೆಯವನು. ಮೂಡುಬಿದಿರೆಯಿಂದ ನಮ್ಮ ಜೈನರ ತಂಡ ಉತ್ತರದ ಶಿಖರ್ಜಿ ಕ್ಷೇತ್ರಕ್ಕೆ ಹೊರಟಾಗ ಪಾತ್ರೆಗಳೊಟ್ಟಿಗೆ ನಾನೂ ಹೊರಡುವುದು. ಮಂಗಳೂರಿನಲ್ಲಿ ಯಜಮಾನರು ಒಂದು ಇಡೀ ರೈಲು ಬೋಗಿಯನ್ನು ಗೊತ್ತು ಮಾಡಿರುತ್ತಾರೆ. ಅದಕ್ಕೆ ಹತ್ತಿದರೆ, ಯಾತ್ರೆ ಮುಗಿಸಿ ಮತ್ತೆ ಮಂಗಳೂರಿನಲ್ಲೇ ಇಳಿಯುವುದು. ನಡುದಾರಿಯಲ್ಲಿ ಆ ಬೋಗಿಯನ್ನು ಒಂದು ಗಾಡಿಯಿಂದ ಬಿಚ್ಚುತ್ತಾರೆ, ಎಲ್ಲೋ ಬದಿಯ ಹಳಿಯ ಮೇಲೆ ನಿಲ್ಲಿಸುತ್ತಾರೆ, ಮತ್ತೆ ಇನ್ನೊಂದು ಗಾಡಿಯ ಬಾಲಕ್ಕೆ ಕಟ್ಟುತ್ತಾರೆ. ಬಿಚ್ಚಿ ನಿಲ್ಲಿಸಿದಾಗ ನನ್ನ ಕೆಲಸ ಶುರು. ಇಳಿದು, ಕಲ್ಲು ಹೂಡಿ, ಬಟ್ಟೆಯಲ್ಲಿ ನೀರು ಸೋಸಿ, ಒಲೆ ಹಚ್ಚಿ, ಸೂರ್ಯ ಮುಳುಗುವ ಮೊದಲು ಎಲ್ಲರಿಗೂ ಬಡಿಸಿ ಮುಗಿಸಬೇಕು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಮನೆಯಲ್ಲಿ ಎಳೆಯರು ಆಚೀಚೆ ಮಾಡುತ್ತಾರೆ, ಆದರೆ ಯಾತ್ರೆಯಲ್ಲಿ ಅದು ನಡೆಯುವುದಿಲ್ಲ.

ಆಟಿ ತಿಂಗಳು, ಅಂದರೆ ಆಷಾಢದ ಜಡಿಮಳೆ, ಹಿಡಿಯುವಾಗ ಪುತ್ತಿಗೆಯ ನಮ್ಮ ಮನೆಗೆ ನೆರೆಯವನೊಬ್ಬ ಬಂದ. ಬೊಂಬಾಯಿಯಲ್ಲಿ ದುಡಿಯುವವನು, ಊರಿಗೆ ಬಂದಿದ್ದ. ನನ್ನ ಮಗಳು ಮದುವೆಯಾಗಿ ಅಲ್ಲೇ ಇದ್ದಳು. ಅಳಿಯ ನಮ್ಮವರ ವಿದ್ಯಾರ್ಥಿಗಳ ಬೋರ್ಡಿಂಗಿನಲ್ಲಿ ಅಡಿಗೆಗೆ ಇದ್ದ. ಅವನ ಎರಡೂ ಕಾಲಿನ ಮೇಲೆ ಕಾದ ಎಣ್ಣೆಯ ಬಾಣಲೆ ಮಗುಚಿದೆ, ಎದ್ದು ನಿಲ್ಲುವ ಹಾಗಿಲ್ಲ, ಮಗಳು ದಿನ ಸಮೀಪಿಸಿದ ಹೊಟ್ಟೆಯಲ್ಲಿ ಅವನ ಚಾಕರಿ ಮಾಡುತ್ತಿದ್ದಾಳೆ ಎಂದ. ದೀಪಾವಳಿಗೆ ಹೆರಿಗೆ ಎಂದು ನಾವು ಲೆಕ್ಕ ಹಾಕಿದ್ದೆವು. ಅದು ತಪ್ಪು, ಆಟಿ ಕಳೆಯುವುದರೊಳಗೇ ಆಗಬಹುದು ಎಂದೂ ಹೇಳಿದ.

ಅವಳ ಮೊದಲನೆಯ ಮಗು ಅಲ್ಲೇ, ಆ ಪಟ್ಟಣದಲ್ಲೇ, ಹುಟ್ಟುವ ಮೊದಲೇ ಹೋಗಿತ್ತು. ನಾವು ಯಾರೂ ಹತ್ತಿರ ಇರಲಿಲ್ಲ. ಈ ಸಲ ನಮ್ಮೆಲ್ಲರ ಮನಸ್ಸಿನಲ್ಲಿ ಇದ್ದದ್ದು ಅದೊಂದೇ. ಬಂದವನು ಹೋದ ಮೇಲೆ ನನ್ನ ಹೆಂಡತಿ ಅವನು ಕುಡಿದ ಲೋಟವನ್ನು ತೊಳೆದಿಟ್ಟಳು. ಆಮೇಲೆ ಅಂದಳು, “ದೇಶವೆಲ್ಲ ತಿರುಗಿದವರಲ್ವಾ ನೀವು. ಮಗಳನ್ನು ಒಂದು ಸಲ ಕರ್ಕೊಂಡು ಬನ್ನಿ.”

ಮರುದಿನವೇ ಮೂಡುಬಿದಿರೆಗೆ ಹೋಗಿ ಯಾತ್ರೆಯ ಯಜಮಾನರ ಜಗಲಿಯ ಕೆಳಗೆ ನಿಂತೆ. ಅವರು ಕೆಟ್ಟವರಲ್ಲ. ನನ್ನ ಮಾತನ್ನು ಪೂರ್ತಿ ಕೇಳಿದರು.

“ಆಟಿಯಲ್ಲಿ ಯಾರು ಹೊರಡ್ತಾರೆ ಮಾರಾಯ? ದೀಪಾವಳಿ ಕಳೀಲಿ. ತಂಡ ಆ ಕಡೆಗೇ ಹೋಗುವ ಹಾಗೆ ಮಾಡುವ. ನಿನ್ನ ಮಗಳನ್ನೂ ನಮ್ಮ ಬೋಗಿಗೇ ಹತ್ತಿಸುವ.”

ಅಷ್ಟರಲ್ಲಿ ಹೆರಿಗೆ ಆಗಿಹೋಗುತ್ತದೆ ಎಂದೆ. ದೊಡ್ಡ ಪಟ್ಟಣ, ದೊಡ್ಡ ಡಾಕ್ಟರುಗಳು, ಅಲ್ಲೇ ಆದರೆ ಏನು ಎಂದರು. ಮೊದಲನೆಯದರ ಸಂಗತಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಎಲೆಯಡಿಕೆ ತಟ್ಟೆಯನ್ನು ಬದಿಗೆ ಸರಿಸಿ ಕೇಳಿದರು:

“ಹೋಗುದಾದ್ರೆ ಹೋಗು. ನಾನು ತಡೀಲಿಕ್ಕಿಲ್ಲ. ದಾರಿ ಗೊತ್ತುಂಟಾ ನಿಂಗೆ?”

ಗೊತ್ತುಂಟು ಎಂದು ಹೇಳಿ ಹೊರಗೆ ಬಂದೆ. ಬಸದಿಯ ಬೀದಿಯಲ್ಲಿ ನಡೆಯುತ್ತಾ, ಗೊತ್ತಿರುವುದನ್ನೆಲ್ಲ ಲೆಕ್ಕ ಹಾಕಿದೆ. ಮದ್ರಾಸಿನ ರೈಲು ಅಂಗಳದಲ್ಲಿ ಸೌದೆ ಮಾರುವ ಹೆಂಗಸು ಯಾವ ಗೋಡೆಯ ಹತ್ತಿರ ಕೂರುತ್ತಾಳೆ ಎಂದು ನನಗೆ ಗೊತ್ತು. ಯಾವ ನಲ್ಲಿಯ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ ಎಂದು ಗೊತ್ತು. ಮದ್ರಾಸಿನಿಂದ ಮುಂದೆ ಯಾವ ಊರು ಬರುತ್ತದೆ ಎಂದು ಗೊತ್ತಿಲ್ಲ. ಟಿಕೆಟನ್ನು ನನ್ನ ಕೈಯಲ್ಲಿ ಹಿಡಿದೇ ಇಲ್ಲ. ಅಷ್ಟು ಸಲ ಹೋಗಿ ಬಂದವನು ನಾನಲ್ಲ, ಆ ಬೋಗಿ. ಬೊಂಬಾಯಿಗಂತೂ ಯಾತ್ರೆಯೂ ಹೋದದ್ದಿಲ್ಲ.

ಬಂಟ್ವಾಳದ ಅಡಿಕೆ ಮಂಡಿಯಲ್ಲಿ ಒಬ್ಬ ಗುಮಾಸ್ತರಿದ್ದರು. ಮಾಲಿನ ಹಿಂದೆ ಬೊಂಬಾಯಿಗೆ ಹೋಗಿ ಬಂದವರು. ಸಿದ್ಧಕಟ್ಟೆಯ ದಾರಿಯಾಗಿ ಅಲ್ಲಿಗೆ ಹೋದೆ. ಮಳೆಗಾಲಕ್ಕೆ ಸ್ಟೀಮರು ನಿಂತಿದೆ, ಸಮುದ್ರದ ದಾರಿಯನ್ನು ಮರೆತುಬಿಡು ಎಂದು ಅವರು ಮೊದಲೇ ಹೇಳಿದರು. ಉಳಿದದ್ದು ಘಾಟಿಯ ದಾರಿ. ನನಗೆ ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ ಎಂದು ಕಂಡದ್ದೇ, ಗೋಣಿಯ ಮೇಲೆ ಅಡಿಕೆಗಳನ್ನು ಸಾಲಾಗಿ ಇಟ್ಟರು. ಇದು ಬೆಳ್ತಂಗಡಿ, ಇದು ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರ, ಇದು ಮೂಡಿಗೆರೆ, ಇದು ಕಡೂರು. ಅಲ್ಲಿವರೆಗೆ ಬಸ್ಸು. ಕಡೂರಿನಿಂದ ರೈಲು. ಸಣ್ಣ ಹಳಿಯ ರೈಲಿಗೆ ಸಣ್ಣ ಅಡಿಕೆಗಳನ್ನು ಪೂನಾದವರೆಗೆ ಇಟ್ಟರು, ಅಲ್ಲಿಂದ ಬೊಂಬಾಯಿಗೆ ದೊಡ್ಡ ಅಡಿಕೆ.

“ಪೂನಾದಲ್ಲಿ ಹಳಿ ದೊಡ್ಡದಾಗ್ತದೆ. ನಿಮ್ಮ ಗಾಡಿ ಅದರ ಮೇಲೆ ಹೋಗುದಿಲ್ಲ. ಅಲ್ಲಿ ಇಳೀಲೇಬೇಕು, ನೆನಪುಂಟಲ್ಲ?”

ನೆನಪಿಟ್ಟೆ. ಹಳಿಯ ಅಗಲ ಬದಲಾದಲ್ಲಿ ಇಳಿಯಬೇಕು ಎಂದು ಎಷ್ಟು ಚೆನ್ನಾಗಿ ನೆನಪಿಟ್ಟೆನೆಂದರೆ, ಮುಂದೆ ಅದೇ ನನ್ನನ್ನು ಹಾಳು ಮಾಡಿತು.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗಿ ಘಾಟಿ ಬಸ್ಸಿನ ಕಂಡಕ್ಟರನನ್ನು ಹುಡುಕಿದೆ. ಆಟಿಯಲ್ಲಿ ಬಸ್ಸು ದಿನಾ ಹೋಗುತ್ತದೆಯಾ ಎಂದು ಕೇಳಿದೆ. “ಬಸ್ಸು ಹೋಗ್ತದೆ. ಘಾಟಿ ದಾರಿ ಬಿಟ್ಟರೆ,” ಅಂದ. ಅದಕ್ಕಿಂತ ಹೆಚ್ಚಿನ ಉತ್ತರ ಯಾರ ಹತ್ತಿರವೂ ಇರಲಿಲ್ಲ.

ಮನೆಗೆ ಬಂದು ಅಡಿಗೆಯವನ ಕ್ರಮದಲ್ಲಿ ಪ್ರಯಾಣವನ್ನು ಹೂಡಿದೆ. ನನಗೆ ರೈಲಿನ ಹೊತ್ತು ತಿಳಿಯುವುದಿಲ್ಲ, ಊಟದ ಹೊತ್ತು ತಿಳಿಯುತ್ತದೆ. ಬರುವಾಗ ಮೊದಲ ಸಂಜೆಯ ಊಟ ಪೂನಾ ದಾಟುವಾಗ, ಎರಡನೆಯದು ಹುಬ್ಬಳ್ಳಿಯ ಹತ್ತಿರ, ಮೂರನೆಯದು ಕಡೂರಿನ ಛತ್ರದಲ್ಲಿ, ನಾಲ್ಕನೆಯದು ಮನೆಯಲ್ಲಿ. ಹೀಗೆ ಒಂದರಿಂದ ಒಂದಕ್ಕೆ ದಾಟುವುದು. ಮೊದಲ ದಿನಕ್ಕೆ ಬೊಂಬಾಯಿಯಲ್ಲೇ ಸುಟ್ಟುಕೊಳ್ಳುವ ಚಪಾತಿ ಮತ್ತು ಗೊಜ್ಜು. ಗೊಜ್ಜಿಗೆ ನೀರು ಮುಟ್ಟಿಸದೆ ಎಣ್ಣೆಯಲ್ಲೇ ಕುದಿಸಿದರೆ ಹುಳಿಯುವುದಿಲ್ಲ. ಆಮೇಲೆ ಹುರಿದ ಅವಲಕ್ಕಿ, ಬೆಲ್ಲ. ಬಿಸಿ ಬೇಕಾದರೆ ಗಂಜಿಗೆ ಕುಚ್ಚಲಕ್ಕಿಯ ನುಚ್ಚು, ಅದು ಬೇಗ ಬೇಯುತ್ತದೆ. ಒಂದು ಸಣ್ಣ ಕಬ್ಬಿಣದ ಒಲೆ, ಇದ್ದಿಲು, ನೀರು ಸೋಸುವ ಬಟ್ಟೆ. ಹೆಂಡತಿ ನಾನು ಕಟ್ಟುವುದನ್ನು ನೋಡುತ್ತಿದ್ದಳು. ಇದು ಪ್ರಯಾಣವಾ, ಮದುವೆ ಮನೆಯಾ ಎಂದು ಕೇಳಿದಳು. ನಾನು ಸೋಲುವುದಾದರೆ ದಾರಿಯಲ್ಲಿ ಸೋತೇನು, ಊಟದಲ್ಲಿ ಸೋಲಲಿಕ್ಕಿಲ್ಲ ಎಂದೆ.

ಹೋಗುವಾಗ ಎಲ್ಲವೂ ಸರಿಯಾಯಿತು. ಘಾಟಿ ಬಿಟ್ಟಿತು. ಕಡೂರಿನಲ್ಲಿ ಹತ್ತಿದ ಗಾಡಿ ನೇರ ಪೂನಾಕ್ಕೇ ಹೋಗುವಂಥದ್ದು. ಪೂನಾದಲ್ಲಿ ಇಳಿದು ಅಗಲ ಹಳಿಯ ಗಾಡಿ ಹತ್ತಿದೆ. ಬೊಂಬಾಯಿಯಲ್ಲಿ ಬೋರ್ಡಿಂಗಿನ ಹೆಸರು ಹೇಳಿ ಹೇಳಿ, ಕೇಳಿ ಕೇಳಿ, ಅರ್ಧ ದಿನದ ಮೇಲೆ ಮಗಳ ಕೋಣೆ ಸಿಕ್ಕಿತು.

ಬಾಗಿಲು ತೆಗೆದವಳನ್ನು ನೋಡಿ ನನಗೆ ಒಂದು ಗಳಿಗೆ ಗುರುತು ಸಿಗಲಿಲ್ಲ. ಹೊಟ್ಟೆ ಮಾತ್ರ ಇತ್ತು, ಉಳಿದದ್ದೆಲ್ಲ ಎಲುಬು. ಅಳಿಯ ಮಂಚದ ಮೇಲೆ, ಎರಡೂ ಕಾಲಿಗೆ ಮೊಣಕಾಲಿನವರೆಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ. ನನ್ನನ್ನು ಕಂಡು ಅತ್ತುಬಿಟ್ಟ. ಬೋರ್ಡಿಂಗಿನ ಜೊತೆಗಾರರು ತನ್ನನ್ನು ನೋಡಿಕೊಳ್ಳುತ್ತಾರೆ, ಇವಳನ್ನು ಮೊದಲು ಇಲ್ಲಿಂದ ಕರೆದುಕೊಂಡು ಹೋಗಿ ಎಂದ.

ಆ ಸಂಜೆ ನಾನು ಗಂಜಿ ಮಾಡಿ ಮಗಳ ಮುಂದೆ ಇಟ್ಟೆ. ಅವಳು ಕಿಟಕಿಯ ಹೊರಗೆ ನೋಡಿದಳು. ಬೀದಿಯ ದೀಪ ಹತ್ತಿತ್ತು. ತಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಮನೆಯಲ್ಲಿದ್ದಾಗ ಇವಳೇ ಕದ್ದು ರಾತ್ರಿ ಹಲಸಿನ ಹಪ್ಪಳ ತಿನ್ನುತ್ತಿದ್ದವಳು. ಏನಿದು ಎಂದು ಕೇಳಿದೆ.

“ಮೊದಲನೆಯದು ಹೋದ ಮೇಲೆ ಹಿಡಿದ ವ್ರತ, ಅಪ್ಪ. ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಇದು ಜೀವಂತ ಕೈಗೆ ಬರುವವರೆಗೆ ನಾನು ಬಿಡ್ಲಿಕ್ಕಿಲ್ಲ.”

ಈ ಅವಸ್ಥೆಯಲ್ಲಿ ವ್ರತ ಬಿಟ್ಟರೆ ದೋಷವಿಲ್ಲ ಎಂದೆ. ದೋಷ ಯಾರಿಗೆ ಬರುತ್ತದೆ ಎಂದು ನಿಮಗೆ ಗೊತ್ತಿಲ್ಲವಲ್ಲ ಎಂದಳು. ಊಟಗಳನ್ನು ಲೆಕ್ಕ ಹಾಕಿ ಹೂಡಿದ ನನ್ನ ಪ್ರಯಾಣದಲ್ಲಿ ಒಂದು ಸಂಜೆಯೂ ತಪ್ಪುವಂತಿಲ್ಲ ಎಂದು ಮಾತ್ರ ತಿಳಿಯಿತು.

ಪೂನಾದವರೆಗೆ ಸರಿಯಾಗಿಯೇ ಬಂದೆವು. ಮೊದಲ ಸಂಜೆ ಚಪಾತಿ ತಿಂದಳು. ಪೂನಾದಲ್ಲಿ ಇಳಿದು ಸಣ್ಣ ಹಳಿಯ ಗಾಡಿಗೆ ಹತ್ತಿದೆವು. ಅದು ಹುಬ್ಬಳ್ಳಿಯವರೆಗೆ ಮಾತ್ರ ಹೋಗುವ ಗಾಡಿ, ಅಲ್ಲಿಂದ ಮುಂದೆ ಬೇರೆ ಗಾಡಿ ಎಂದು ಜೊತೆಗೆ ಕೂತವರು ಹೇಳಿದರು. ನಾನು ತಲೆ ಆಡಿಸಿದೆ. ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಹಳಿ ಅದೇ ಸಣ್ಣ ಹಳಿ. ಬೋಗಿಯನ್ನು ಬಿಚ್ಚುತ್ತಾರೆ, ಬೇರೆ ಗಾಡಿಗೆ ಕಟ್ಟುತ್ತಾರೆ. ನಾನು ಜೀವಮಾನವೆಲ್ಲ ನೋಡಿದ್ದು ಅದನ್ನೇ.

ಹುಬ್ಬಳ್ಳಿಯಲ್ಲಿ ಎಲ್ಲರೂ ಇಳಿದರು. ಇಳಿದವರು ಚಹಾ ಕುಡಿದು ಬರುತ್ತಾರೆ ಎಂದುಕೊಂಡೆ. ಮಗಳು ಇಳಿಯಬೇಡವಾ ಎಂದು ಕೇಳಿದಳು. “ಇಳಿಯುದು ಎಂತಕ್ಕೆ? ನಮ್ಮನ್ನು ಕಟ್ಟಿಕೊಂಡು ಹೋಗ್ತಾರೆ, ನೀನು ಮಲಗು,” ಅಂದೆ. ಹೇಳುವಾಗ ನನಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಬೋಗಿ ಅಲುಗಿತು, ಹಿಂದಕ್ಕೆ ಹೋಯಿತು, ಬದಿಯ ಹಳಿಯಲ್ಲಿ ನಿಂತಿತು. ಎಲ್ಲ ಲೆಕ್ಕದ ಹಾಗೆಯೇ ನಡೆಯುತ್ತಿತ್ತು. ಸೂರ್ಯ ಇನ್ನೂ ಮೇಲಿದ್ದ. ನಾನು ಒಲೆ, ನುಚ್ಚು, ನೀರು ತೆಗೆದುಕೊಂಡು ಇಳಿದೆ, ಜಲ್ಲಿಯ ಮೇಲೆ ಒಲೆ ಹೂಡಿ ಇದ್ದಿಲು ಊದಿದೆ.

ನೀರು ಕುದಿ ಬಂದು ನುಚ್ಚು ಹಾಕಿದ್ದೆ ಅಷ್ಟೆ. ರೈಲಿನ ಕೆಲಸದವನೊಬ್ಬ ಓಡಿ ಬಂದ. ಬೆಂಕಿ ಹಾಕಲು ಯಾರ ಅಪ್ಪಣೆ ಎಂದು ಬೈದ. ಕಡೂರಿಗೆ ಹೋಗುವ ಬೋಗಿ ಇದು, ಗಾಡಿಗೆ ಕಟ್ಟುವವರೆಗೆ ಅಡಿಗೆ ಮಾಡುತ್ತೇನೆ ಎಂದೆ. ಅವನು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ಇದು ತೊಳೆಯಲಿಕ್ಕೆ ತಂದ ಬೋಗಿ, ಕಡೂರಿನ ಕಡೆಯ ಗಾಡಿ ಅಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಹೊರಟು ನಿಂತಿದೆ ಎಂದ. ಕೈ ತೋರಿಸಿದ ಕಡೆ ಹೊಗೆ ಕಾಣುತ್ತಿತ್ತು.

ಕುದಿಯುವ ಪಾತ್ರೆಯನ್ನು ಜಲ್ಲಿಗೆ ಸುರಿದೆ. ಮಗಳನ್ನು ಬೋಗಿಯಿಂದ ಇಳಿಸುವುದೇ ಒಂದು ಯುದ್ಧ, ಅಲ್ಲಿ ಪ್ಲಾಟ್‌ಫಾರ್ಮು ಇಲ್ಲ, ಮೆಟ್ಟಿಲು ಎದೆಯೆತ್ತರ. ಆ ಮನುಷ್ಯನೇ ಒಂದು ಕೈ ಕೊಟ್ಟ. ಹಳಿಗಳನ್ನು ಒಂದೊಂದಾಗಿ ದಾಟಿ ಪ್ಲಾಟ್‌ಫಾರ್ಮಿಗೆ ಬರುವಾಗ ಗಾಡಿಯ ಕೊನೆಯ ಡಬ್ಬಿ ದೂರದಲ್ಲಿ ತಿರುಗುತ್ತಿತ್ತು. ಮಗಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆಯೇ ಕೂತಳು. ಅವಲಕ್ಕಿಯ ಗಂಟು ಬಿಚ್ಚಿ ಬೆಲ್ಲ ಬೆರೆಸಿ ಎದುರು ಹಿಡಿಯುವಷ್ಟರಲ್ಲಿ ಸೂರ್ಯ ಹೋಗಿಬಿಟ್ಟಿದ್ದ. ಅವಳು ತಲೆ ಅಲ್ಲಾಡಿಸಿದಳು.

ಕೈಯಲ್ಲಿ ಊಟ ಉಂಟು, ಎದುರು ಹಸಿದ ಮಗಳು ಉಂಟು, ನಡುವೆ ಏನೂ ಇಲ್ಲ. ಆದರೂ ಉಣಿಸಲು ಆಗದು. ಸಾವಿರ ಮಂದಿಗೆ ಬಡಿಸಿದ ಕೈ ಇದು. ನಾನು ಪ್ರಯಾಣಕ್ಕೆ ಹೊರಟದ್ದೇ ತಪ್ಪು, ಯಜಮಾನರು ಹೇಳಿದ ಹಾಗೆ ಅವಳು ಅಲ್ಲೇ ಇರುತ್ತಿದ್ದರೆ ಕನಿಷ್ಠ ಒಂದು ಮಂಚವಾದರೂ ಇರುತ್ತಿತ್ತು ಎಂದು ಅನಿಸಿತು.

ಮರುದಿನದ ಗಾಡಿಯಲ್ಲಿ ಹೊರಟೆವು. ಹಗಲಿನಲ್ಲಿ ಕೊಟ್ಟ ಅವಲಕ್ಕಿಯನ್ನು ಅವಳು ತಿಂದಳು, ಕಾರಿಕೊಂಡಳು. ಎಣ್ಣೆಯ ಗೊಜ್ಜಿನ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. ನಾನು ಎಷ್ಟು ಚಂದ ಹೂಡಿದ ಊಟಗಳು! ಕಡೂರು ಬರುವಾಗ ಕತ್ತಲೆಯಾಗಿತ್ತು. ಆ ಸಂಜೆಯೂ ಹೋಯಿತು. ಛತ್ರದಲ್ಲಿ ಗೋಡೆಗೆ ಒರಗಿ ಕೂತಿದ್ದವಳು, ಮಗು ಅಲುಗುವುದು ಕಡಿಮೆಯಾಗಿದೆ ಎಂದು ಒಂದೇ ಒಂದು ಸಲ ಹೇಳಿದಳು. ನಾನು ಹೋಗಿ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಬಂದೆ.

ಬೆಳಗ್ಗೆ ಸಿಕ್ಕಿದ ಬಸ್ಸು ಮಳೆಯಲ್ಲಿ ನಿಂತು ನಿಂತು, ಮೂಡಿಗೆರೆ ದಾಟಿ, ಮಧ್ಯಾಹ್ನ ಕಳೆದ ಮೇಲೆ ಕೊಟ್ಟಿಗೆಹಾರಕ್ಕೆ ಬಂದು ನಿಂತಿತು. ಘಾಟಿಯಲ್ಲಿ ಗುಡ್ಡ ಜರಿದಿದೆ, ಬಸ್ಸು ಇಳಿಯುವುದಿಲ್ಲ. ಎಲ್ಲರನ್ನೂ ವಾಪಸು ಮೂಡಿಗೆರೆಗೆ ಬಿಡುತ್ತೇನೆ, ಯಾರೂ ಇಳಿಯಬೇಡಿ ಎಂದ ಡ್ರೈವರು. ಯಾರೂ ಇಳಿಯಲಿಲ್ಲ. ಮೂಡಿಗೆರೆಯಲ್ಲಿ ಡಾಕ್ಟರಿದ್ದಾರೆ ಎಂದು ಒಬ್ಬರು ನನ್ನ ಕಡೆ ತಿರುಗಿ ಹೇಳಿದರು. ಸರಿಯಾದ ಮಾತೇ. ನಾನು ಸೀಟಿನಲ್ಲಿ ಗಟ್ಟಿಯಾಗಿ ಕೂತೆ. ಬಸ್ಸು ಹಿಂದಕ್ಕೆ ತಿರುಗಲು ಅಲುಗಿತು. ಆ ಅಲುಗು ನನಗೆ ಗುರುತಿತ್ತು. ಹುಬ್ಬಳ್ಳಿಯಲ್ಲೂ ಬೋಗಿ ಹೀಗೆಯೇ ಅಲುಗಿತ್ತು, ನಾನು ಹೀಗೆಯೇ ಕೂತಿದ್ದೆ.

“ಮೂಡಿಗೆರೆ ಮನೆಯ ಕಡೆಯಾ, ಆಚೆ ಕಡೆಯಾ?” ಎಂದು ಮಗಳು ಕೇಳಿದಳು.

“ಆಚೆ ಕಡೆ.”

“ಹಾಗಾದ್ರೆ ಇಳಿಯುವ, ಅಪ್ಪ.”

ನಿಲ್ಲಿಸಿ ಎಂದು ನಾನು ಕೂಗಿದೆ. ಬಸುರಿಯನ್ನು ಈ ಮಳೆಯಲ್ಲಿ ಇಳಿಸ್ತೀರಲ್ಲ, ನಿಮಗೆ ತಲೆ ಸಮ ಉಂಟಾ ಎಂದು ಡ್ರೈವರು ಬೈದ. ಬೈದರೂ ನಿಲ್ಲಿಸಿದ. ನಾವು ಇಳಿದೆವು. ಬಸ್ಸು ಹೋಗಿ ಮಂಜಿನಲ್ಲಿ ಅಡಗಿತು. ಅಷ್ಟರವರೆಗೆ ನನ್ನನ್ನು ಯಾರೋ ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದರು. ಈಗ ನನ್ನ ಕೈಯಲ್ಲಿ ಮಗಳ ಕೈ ಬಿಟ್ಟರೆ ಬೇರೆ ಏನೂ ಇರಲಿಲ್ಲ. ಮಾಡಿದ್ದು ಸರಿಯಾ ತಪ್ಪಾ ಎಂದು ಈ ದಿನಕ್ಕೂ ಹೇಳಲಾರೆ. ಒಂದು ವೇಳೆ ಆಚೀಚೆ ಆಗಿದ್ದರೆ ಇದನ್ನು ಬರೆಯಲು ಕೂರುತ್ತಲೂ ಇರಲಿಲ್ಲ.

ರಸ್ತೆಯ ಬದಿಯಲ್ಲಿ ಒಂದು ಚಹಾದ ಹೋಟೆಲಿತ್ತು. ನಡೆಸುವ ಹೆಂಗಸು ಘಾಟಿಯ ಕೆಳಗಿನವಳು, ಮಡಂತ್ಯಾರಿನ ಕಡೆಯವಳು. ನಮ್ಮ ತುಳು ಕೇಳಿದ ಕೂಡಲೇ ಮಗಳನ್ನು ಒಳಗೆ ಕರೆದು ಬೆಂಕಿಯ ಹತ್ತಿರ ಚಾಪೆ ಹಾಕಿದಳು. ಒಂದು ಒಲೆಯನ್ನು ನನಗೆ ಬಿಟ್ಟುಕೊಟ್ಟಳು. ನಾನು ನೀರು ಸೋಸಿ ನುಚ್ಚಿನ ಗಂಜಿ ಇಟ್ಟೆ. ಗೊಜ್ಜಿಲ್ಲ, ಬೆಲ್ಲವಿಲ್ಲ, ಉಪ್ಪು ಮಾತ್ರ. ಗಂಜಿ ತಯಾರಾಯಿತು. ಬಟ್ಟಲಿಗೆ ಬಗ್ಗಿಸಿ ಕೊಂಡುಹೋದರೆ ಅವಳು ಬಾಗಿಲ ಕಡೆ ನೋಡಿದಳು.

“ಸೂರ್ಯ ಮುಳುಗಿದನಾ ಅಪ್ಪ?”

ಹೊರಗೆ ಬಂದು ನೋಡಿದೆ. ಸೂರ್ಯ ಎಲ್ಲಿ? ಆಕಾಶವೇ ಇರಲಿಲ್ಲ. ನಾಲ್ಕು ಮಾರು ದೂರದ ಮರ ಕಾಣುತ್ತಿರಲಿಲ್ಲ. ಮಧ್ಯಾಹ್ನದಿಂದ ಒಂದೇ ಥರದ ಬೂದಿ ಬೆಳಕು. ಹೊತ್ತು ನೋಡಿ ಅಡಿಗೆ ಮಾಡಿದ ನನಗೆ ಅದು ಹಗಲಾ ಸಂಜೆಯಾ ಎಂದು ಹೇಳಲು ಆಗಲಿಲ್ಲ. ಇಲ್ಲ, ಮುಳುಗಿಲ್ಲ ಎಂದು ಹೇಳಿಬಿಟ್ಟರೆ ಅವಳು ಉಣ್ಣುತ್ತಿದ್ದಳು. ಆದರೆ ಆ ವ್ರತದ ಮೇಲೆ ಅವಳು ಮಗುವನ್ನೇ ಇಟ್ಟಿದ್ದಳು. ಅದರ ಮೇಲೆ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬಟ್ಟಲು ಹಿಡಿದುಕೊಂಡು ಸೂರಿನ ಕೆಳಗೆ ನಿಂತುಬಿಟ್ಟೆ. ಗಂಜಿಯ ಹಬೆ ಕಡಿಮೆಯಾಗುತ್ತಾ ಬಂತು.

ಹೋಟೆಲಿನವಳು ಸಂಗತಿ ಏನೆಂದು ಕೇಳಿದಳು. ಹೇಳಿದೆ. ಅವಳು ಸೂರಿನ ಆ ತುದಿಗೆ ಕೈ ತೋರಿಸಿದಳು. ಅಲ್ಲಿ ಮೂರ್ನಾಲ್ಕು ಕೋಳಿಗಳು ಒದ್ದೆ ಮಣ್ಣನ್ನು ಕೆದಕುತ್ತಿದ್ದವು.

“ನನ್ನ ಕೋಳಿ ಇನ್ನೂ ಹೊರಗೇ ಉಂಟಲ್ಲ. ಹೊತ್ತು ಮುಳುಗುವಾಗ ಗೂಡಿನ ಬಾಗಿಲಲ್ಲಿ ಲಡಾಯಿ ಮಾಡ್ತವೆ ಅವು. ಮಂಜಾದ್ರೂ ಅಷ್ಟೆ, ಮಳೆಯಾದ್ರೂ ಅಷ್ಟೆ. ನಿಮ್ಮ ಮಗಳಿಗೆ ಬಂದು ನೋಡ್ಲಿಕ್ಕೆ ಹೇಳಿ.”

ಮಗಳು ಗೋಡೆ ಹಿಡಿದುಕೊಂಡು ಎದ್ದು ಬಂದು ನೋಡಿದಳು. ಕೋಳಿಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಯೇ ಹೊಸ್ತಿಲಲ್ಲಿ ಕೂತು ಬಟ್ಟಲನ್ನು ತೆಗೆದುಕೊಂಡಳು. ಕೋಳಿಗಳ ಮೇಲೆ ಕಣ್ಣಿಟ್ಟುಕೊಂಡೇ ಗಬಗಬ ಉಂಡಳು. ಎರಡನೆಯ ಬಟ್ಟಲು ಮುಗಿಯುವಾಗ ಹೇಂಟೆಯೊಂದು ಗೂಡಿನ ಕಡೆ ನಡೆಯಿತು. ಅವಳು ಬಟ್ಟಲನ್ನು ಕೆಳಗಿಟ್ಟಳು. ಈ ಸಲ ಗಂಜಿ ಹೊಟ್ಟೆಯಲ್ಲಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದು ಹೊಟ್ಟೆಯ ಬದಿಗೆ ಒತ್ತಿಕೊಂಡಳು. ಒಳಗಿನಿಂದ ಒಂದು ಒದೆ ಬಂತು.

ಬೆಳಕು ಹರಿಯುವಾಗ ನೋವು ಶುರುವಾಯಿತು. ರಸ್ತೆ ಕೆಲಸದ ಗ್ಯಾಂಗಿನವರು ಚಹಾಕ್ಕೆ ಬಂದಿದ್ದರು. ಜರಿದ ಜಾಗವನ್ನು ದಾಟಿಸಿ ಕೊಡಿ, ಆ ಕಡೆ ಬೆಳ್ತಂಗಡಿಯ ಬಸ್ಸು ಬಂದು ತಿರುಗುತ್ತದಂತೆ ಎಂದು ಅವರ ಮೇಸ್ತ್ರಿಯ ಹತ್ತಿರ ಕೈ ಮುಗಿದೆ. ಮಣ್ಣು ಇನ್ನೂ ಇಳಿಯುತ್ತಿದೆ, ಒಂಟಿ ಗಂಡಸರೇ ದಾಟುವುದು ಕಷ್ಟ, ನಾಳೆ ನೋಡುವ ಎಂದ. ನಾಳೆಯವರೆಗೆ ಇವಳ ನೋವು ಕಾಯುವುದಿಲ್ಲ ಎಂದೆ. ಅವನು ಚಹಾದ ಲೋಟ ನೋಡುತ್ತಾ ಕೂತ. ಆಗ ಹೋಟೆಲಿನವಳು ಒಳಗಿನಿಂದ ತನ್ನ ಕೈಯಿರುವ ಕುರ್ಚಿಯನ್ನು ತಂದು ಅವನ ಎದುರು ಕುಕ್ಕಿದಳು.

“ನೀವು ಹೊರದಿದ್ರೆ ನಾನೂ ಇವಳ ಅಪ್ಪನೂ ಹೊರ್ತೇವೆ. ಬಿದ್ದರೆ ಮಣ್ಣಿನಿಂದ ತೆಗೀಲಿಕ್ಕೆ ಹೇಗೂ ನೀವೇ ಬರ್ಬೇಕು.”

ಮೇಸ್ತ್ರಿ ನಗಲಿಲ್ಲ, ಆದರೆ ಎದ್ದ. ಎರಡು ಬಿದಿರನ್ನು ಕುರ್ಚಿಯ ಕೈಗಳ ಅಡಿಗೆ ಸೇರಿಸಿ, ತೆಂಗಿನ ಹಗ್ಗದಲ್ಲಿ ಬಿಗಿದರು. ಮಗಳನ್ನು ಕೂರಿಸಿ ಸೊಂಟಕ್ಕೆ ಸೀರೆಯೊಂದನ್ನು ಸುತ್ತಿ ಕುರ್ಚಿಗೆ ಕಟ್ಟಿದರು. ಒಲೆ, ಪಾತ್ರೆ, ಗಂಟು ಎಲ್ಲವನ್ನೂ ನಾನು ಹೋಟೆಲಿನಲ್ಲೇ ಬಿಟ್ಟೆ.

ಜರಿದ ಜಾಗವನ್ನು ನೋಡಿದಾಗ, ಮೂಡಿಗೆರೆಗೆ ಹೋಗಬೇಕಿತ್ತು ಎಂದು ಅನಿಸಿತು. ರಸ್ತೆಯೇ ಇರಲಿಲ್ಲ. ಕೆಂಪು ಕೆಸರು, ಅದರಲ್ಲಿ ಬುಡಮೇಲಾದ ಮರಗಳು, ಕೆಳಗೆ ಪ್ರಪಾತ. ಮುಂದೆ ಒಬ್ಬ ಕೋಲಿನಿಂದ ಚುಚ್ಚಿ ಚುಚ್ಚಿ ಹೆಜ್ಜೆ ಹೇಳುತ್ತಿದ್ದ, ನಾಲ್ವರು ಹೊತ್ತುಕೊಂಡಿದ್ದರು, ನಾನು ಹಿಂದಿನಿಂದ ಕುರ್ಚಿಯ ಬೆನ್ನು ಹಿಡಿದಿದ್ದೆ. ಮೊಣಕಾಲಿನವರೆಗೆ ಹೂತುಹೋಗುತ್ತಿತ್ತು. ನಡುವೆ ಮೇಲಿನಿಂದ ಸಣ್ಣ ಕಲ್ಲುಗಳು ಉರುಳಿ ಬಂದವು, ಎಲ್ಲರೂ ನಿಂತರು. ಮಗಳು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದಳು. ನನಗೆ ಮಂತ್ರದ ಮೊದಲ ಸಾಲೂ ನೆನಪಾಗಲಿಲ್ಲ. ಮೇಸ್ತ್ರಿ ಮೇಲೆ ನೋಡಿ, “ಈಗ ನಡೀರಿ,” ಅಂದ. ನಡೆದೆವು.

ಆಚೆ ದಡದಲ್ಲಿ ಕುರ್ಚಿ ಇಳಿಸಿದಾಗ ಆ ನಾಲ್ವರ ಕಾಲು ಹಿಡಿಯಲು ಬಗ್ಗಿದೆ. ಅವರು ಹಾರಿ ಹಿಂದೆ ಸರಿದರು. ಕುರ್ಚಿಯನ್ನು ಹೊತ್ತುಕೊಂಡು ವಾಪಸು ಹೋದರು. ಅಲ್ಲಿ ತಿರುಗಲು ಬಂದ ಬಸ್ಸಿಗೆ ನಾವು ಹತ್ತಿದೆವು.

ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಮಗಳ ಕಣ್ಣಿನ ಒಳಭಾಗವನ್ನು ಎಳೆದು ನೋಡಿ ನನ್ನನ್ನು ಹೊರಗೆ ಕರೆದರು. ರಕ್ತವೇ ಇಲ್ಲ, ಬಲವೂ ಇಲ್ಲ, ಮಗು ಮಾತ್ರ ಬರಲು ಅವಸರ ಮಾಡುತ್ತಿದೆ, ಮನೆಯವರಿಗೆ ಹೇಳಿ ಕಳುಹಿಸಿ ಎಂದರು. ಆ ಕೊನೆಯ ಮಾತಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂಡುಬಿದಿರೆಯ ಬಸ್ಸಿನವರ ಹತ್ತಿರ ಮನೆಗೆ ಸುದ್ದಿ ಹೇಳಿ ಕಳುಹಿಸಿದೆ. ಆ ದಿನ ಮುಗಿಯಿತು, ರಾತ್ರಿಯೂ ಮುಗಿಯಿತು. ಅದರ ಬಗ್ಗೆ ಬರೆಯಲಿಕ್ಕಿಲ್ಲ.

ಬೆಳಗ್ಗೆ ಮಳೆ ನಿಂತ ಹೊತ್ತಿನಲ್ಲಿ ಒಳಗಿನಿಂದ ಒಂದು ಅಳು ಕೇಳಿತು. ನಾನು ಬಾವಿಕಟ್ಟೆಯ ಹತ್ತಿರ ಇದ್ದೆ. ಬೇರೆಯವರ ಮಗು ಇರಬೇಕು ಎಂದುಕೊಂಡೆ. ಅಷ್ಟು ದೊಡ್ಡ ದನಿ ನನ್ನ ಮಗಳ ಆ ಶರೀರದಿಂದ ಬಂದದ್ದು ಎಂದು ನಂಬಿಕೆ ಬರಲಿಲ್ಲ. ನರ್ಸಮ್ಮ ಬಾಗಿಲಿಗೆ ಬಂದು, ಇಬ್ಬರೂ ಉಳಿದರು ಎಂದರು. ನಾನು ಅಲ್ಲೇ ಒದ್ದೆ ನೆಲದಲ್ಲಿ ಕೂತೆ. ಬಸ್ಸಿನಿಂದ ಇಳಿದು ಬಂದ ನನ್ನ ಹೆಂಡತಿ, ನಾನು ಹಾಗೆ ಕೂತದ್ದನ್ನು ಕಂಡು ಬೇರೆಯೇ ತಿಳಿದಳು. ಅವಳ ಕೈಯ ಪಾತ್ರೆ ಬೀಳುವುದರಲ್ಲಿತ್ತು. ಮಗ ಹಿಡಿದುಕೊಂಡ.

“ಹೆಣ್ಣು,” ಅಂದೆ. “ಮಗು ಹೆಣ್ಣು. ಇಬ್ಬರೂ ಉಂಟು.”

ಅವಳು ನನ್ನನ್ನು ಬಾಯಿಗೆ ಬಂದ ಹಾಗೆ ಬೈದಳು. ಅಷ್ಟು ಒಳ್ಳೆಯ ಬೈಗಳನ್ನು ನಾನು ಯಾವತ್ತೂ ತಿಂದಿರಲಿಲ್ಲ.

ಸಂಜೆ, ಇನ್ನೂ ಬೆಳಕಿರುವಾಗಲೇ, ಮಗಳ ಮಂಚದ ಸುತ್ತ ನೆಲದಲ್ಲಿ ಎಲೆ ಹಾಕಿದೆವು. ಬಾಣಂತಿಯ ಕೋಣೆಯಲ್ಲಿ ಎಲ್ಲರೂ ಕೂತು ಉಣ್ಣುವ ಕ್ರಮ ನಮ್ಮಲ್ಲಿಲ್ಲ. ಆ ದಿನ ಅದನ್ನು ಯಾರೂ ಎತ್ತಲಿಲ್ಲ. ಅನ್ನ, ತೊವ್ವೆ, ಹೀರೆಕಾಯಿ ಪಲ್ಯ, ಎಲ್ಲ ಹೆಂಡತಿ ಮಾಡಿದ್ದು. ಬಡಿಸಲು ನಾನು ಎದ್ದರೆ ನನ್ನ ಭುಜ ಒತ್ತಿ ಕೂರಿಸಿದಳು. ಬಡಿಸಿ ತಾನೂ ನನ್ನ ಪಕ್ಕದಲ್ಲಿ ಎಲೆ ಹಾಕಿಕೊಂಡಳು. ಮಗಳು ಮಂಚದ ಮೇಲೆ ದಿಂಬಿಗೆ ಒರಗಿ, ತುಪ್ಪ ಹಾಕಿದ ಮೆಣಸಿನ ಸಾರಿನ ಅನ್ನ ಉಣ್ಣುತ್ತಿದ್ದಳು. ಅಷ್ಟರಲ್ಲಿ ಮಗು ಅತ್ತಿತು. ನಮ್ಮ ಮೂವರ ಕೈಯೂ ತುತ್ತಿನೊಟ್ಟಿಗೆ ಅಲ್ಲೇ ನಿಂತಿತು. ಮೂವರೂ ಏಳಲು ನೋಡಿದೆವು.

“ನೀವು ಊಟ ಮಾಡಿ,” ಎಂದಳು ಮಗಳು, ಬಟ್ಟಲನ್ನು ಬದಿಗಿಟ್ಟು ಮಗುವಿನ ಕಡೆ ತಿರುಗುತ್ತಾ. “ನಾನುಂಟಲ್ಲ.”

ನಾವು ಊಟ ಮಾಡಿದೆವು.